ಮನು ಮಾಡಿದ್ದು ತ್ಯಾಗವೇ?



ಭಾನುವಾರ ಪೂಜೆ ಮುಗಿದ ಮೇಲೆ ನಾವು ಯುವಜನರು ‘ಸಪ್ತ ಸಾಗರದಾಚೆ ಎಲ್ಲೋ’ ಚಿತ್ರದ ಬಗ್ಗೆ ಮಾತಿಗೆ ಕುಳಿತೆವು. ಹೇಮಂತ್ ಎಂ. ರಾವ್ ನಿರ್ದೇಶನದ ಇದರ ಎರಡು ಭಾಗಗಳು 2023ರ ಸೆಪ್ಟೆಂಬರ್ ಮತ್ತು ನವೆಂಬರ್‌ನಲ್ಲಿ ಬಂದವು. ನಮ್ಮ ಓಬಳಾಪುರ ಗಡಿಯೂರು. ಕೆಲವರು ಕನ್ನಡದಲ್ಲಿ, ಕೆಲವರು ತೆಲುಗಿನಲ್ಲಿ ನೋಡಿದ್ದರು.

ರಕ್ಷಿತ್ ಶೆಟ್ಟಿ ನಟಿಸಿದ ಮನು ಒಬ್ಬ ಕಾರು ಚಾಲಕ. ಪ್ರಿಯಾಳೊಂದಿಗೆ ಸ್ವಂತ ಮನೆಯಲ್ಲಿ ಬಾಳುವ ಆಸೆಗೆ ಹಣ ಬೇಕು. ಅದಕ್ಕಾಗಿ ಬೇರೊಬ್ಬ ಮಾಡಿದ ಅಪಘಾತದ ತಪ್ಪನ್ನು ಹೊತ್ತು ಜೈಲಿಗೆ ಹೋಗುತ್ತಾನೆ.

“ಇದೇ ನಿಜವಾದ ಪ್ರೀತಿ” ಎಂದರು ಹುಡುಗರು. “ಅವನೊಬ್ಬನ ತೀರ್ಮಾನಕ್ಕೆ ಅವಳೂ ಬೆಲೆ ತೆತ್ತಳಲ್ಲ!” ಎಂದರು ಹುಡುಗಿಯರು. ಎರಡನೆಯ ಭಾಗದಲ್ಲಿ ಮದುವೆಯಾದ ಪ್ರಿಯಾಳನ್ನು ಅವನು ಕದ್ದು ಹಿಂಬಾಲಿಸುವುದು ಹಲವರಿಗೆ ಹಿಡಿಸಲಿಲ್ಲ. “ಯೇಸುಸ್ವಾಮಿಯೂ ಪರರ ಪಾಪ ಹೊತ್ತರಲ್ಲವೇ?” ಎಂದರೊಬ್ಬರು.

ಆಗ ನಮ್ಮಲ್ಲೇ ಚಿಕ್ಕವಳೊಬ್ಬಳು ಕೇಳಿದಳು: “ಆ ಕಾರಿಗೆ ಸಿಕ್ಕಿ ಸತ್ತವರು ಯಾರು?”

ಎಲ್ಲರೂ ಸುಮ್ಮನಾದೆವು. ಒಂದು ಗಂಟೆ ವಾದಿಸಿದರೂ ಸತ್ತವರ ನೆನಪು ಒಬ್ಬರಿಗೂ ಬಂದಿರಲಿಲ್ಲ. ಅದಿರಿನ ಲಾರಿಗಳು ಓಡಾಡಿದ ರಸ್ತೆಯ ಪಕ್ಕದಲ್ಲೇ ಬೆಳೆದ ನಮಗೇ!

ಯೇಸು ನಮ್ಮ ಪಾಪ ಹೊತ್ತದ್ದು ನಾವು ಮನಸ್ಸು ತಿರುಗಿಸಲೆಂದು. ಹಣಕ್ಕಲ್ಲ, ಸುಳ್ಳು ಹೇಳಿಯೂ ಅಲ್ಲ. ಮನುವಿನ ಸುಳ್ಳಾದರೋ ತಪ್ಪಿತಸ್ಥನಿಗೆ ಪಶ್ಚಾತ್ತಾಪವಿಲ್ಲದ ಬಿಡುಗಡೆ ಕೊಟ್ಟಿತು, ಸತ್ತವರ ಮನೆಯವರಿಂದ ಸತ್ಯವನ್ನು ಕಸಿಯಿತು. ಸುಳ್ಳುಸಾಕ್ಷಿ ಹೇಳಬೇಡ ಎಂಬ ಎಂಟನೆಯ ಕಟ್ಟಳೆ ಇರುವುದು ಅಂಥವರಿಗಾಗಿಯೂ.

ಮನುವಿಗಾಗಿ ಕಣ್ಣೀರು ಹಾಕಿದ್ದು ತಪ್ಪಲ್ಲ. ಆದರೆ ಅಂದು ಮನೆಗೆ ಹೋಗುವ ಮುನ್ನ, ರಸ್ತೆಯಲ್ಲಿ ಪ್ರಾಣ ಬಿಟ್ಟವರಿಗಾಗಿ ನಾವೆಲ್ಲ ಎದ್ದು ನಿಂತು ಒಂದು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಹೇಳಿದೆವು.