ಕಿವಿಯೇ ಒರೆಗಲ್ಲು

ಬೆಲೆ ಹೆಚ್ಚಿದ ವಸ್ತುವೆಲ್ಲ ಉತ್ತಮ, ಅಗ್ಗದ್ದೆಲ್ಲ ಕಳಪೆ ಎಂಬ ಭಾವನೆ ನಮ್ಮ ಜನರಲ್ಲಿ ಆಳವಾಗಿ ಬೇರೂರಿದೆ. ಇಂದು ಮನೆಮನೆಯಲ್ಲಿಯೂ ಕಾಣಸಿಗುವ ಇಯರ್‌ಫೋನಿನ ವಿಷಯದಲ್ಲಿ ಈ ಮಾತು ಎಷ್ಟರಮಟ್ಟಿಗೆ ನಿಜ? ಬಟ್ಟೆಯನ್ನು ಮುಟ್ಟಿ ನೋಡಬಹುದು, ಜೋಳವನ್ನು ಹಲ್ಲಿನಿಂದ ಕಡಿದು ನೋಡಬಹುದು. ದನಿಯ ಗುಣವನ್ನು ಅಳೆಯುವ ಬಗೆ ಯಾವುದು?

ಈ ಪುಟ್ಟ ಸಾಧನದೊಳಗೆ ಸಾಮಾನ್ಯವಾಗಿ ಇರುವುದು ಒಂದು ಅಯಸ್ಕಾಂತ, ನವಿರಾದ ತಂತಿಯ ಸುರುಳಿ, ಅದಕ್ಕಂಟಿದ ತೆಳು ಪೊರೆ, ಇಷ್ಟೇ. ಸುರುಳಿಯಲ್ಲಿ ವಿದ್ಯುತ್ತು ಹರಿದಂತೆ ಪೊರೆಯು ಅದುರಿ ಗಾಳಿಯಲ್ಲಿ ಅಲೆಗಳನ್ನೆಬ್ಬಿಸುತ್ತದೆ. ಇದೇನೂ ದುಬಾರಿ ವಸ್ತುವಲ್ಲವಾದ್ದರಿಂದ ಅಗ್ಗದ್ದು ಕೆಟ್ಟದ್ದೇ ಆಗಿರಬೇಕೆಂಬ ನಿಯಮವಿಲ್ಲ. ಡಬ್ಬಿಯ ಮೇಲೆ 20ರಿಂದ 20,000 ಹರ್ಟ್ಸ್ ಎಂದು ಅಚ್ಚು ಹಾಕಿರುತ್ತಾರೆ. ಅದು ಆರೋಗ್ಯವಂತ ಎಳೆಯ ಕಿವಿಯು ಕೇಳಬಲ್ಲ ಮೇರೆಯೇ ಹೊರತು, ಆ ಮೇರೆಯೊಳಗಿನ ಸ್ವರಗಳನ್ನು ಸಾಧನವು ಎಷ್ಟು ಸಮನಾಗಿ ನುಡಿಸುತ್ತದೆಂಬುದನ್ನು ತಿಳಿಸುವುದಿಲ್ಲ.

ನಮ್ಮ ತಾಯಿಯವರು ನಿತ್ಯವೂ ಲಿಂಗಪೂಜೆ ಮುಗಿದ ಬಳಿಕ ವಚನಗಾಯನವನ್ನು ಆಲಿಸುವರು. ಧಾರವಾಡದ ಬಳಿಯ ಮನಸೂರಿನಲ್ಲಿ 1910ರಲ್ಲಿ ಜನಿಸಿ 1992ರಲ್ಲಿ ಲಿಂಗೈಕ್ಯರಾದ ಪಂಡಿತ ಮಲ್ಲಿಕಾರ್ಜುನ ಮನಸೂರರ ಕಂಠವೆಂದರೆ ಅವರಿಗೆ ಪಂಚಪ್ರಾಣ. ಕೆಲವು ತಿಂಗಳಿಂದೀಚೆಗೆ ಅವರು, "ತಮ್ಮಾ, ದನಿ ಕೇಳತೈತಿ, ಮಾತು ತಿಳಿಯಂಗಿಲ್ಲ" ಎನ್ನತೊಡಗಿದರು. ವಚನದಲ್ಲಿ ಮಾತೇ ತಿಳಿಯದಿದ್ದರೆ ಉಳಿಯುವುದೇನು? ಆದುದರಿಂದ ಮುನ್ನೂರು, ಆರುನೂರು ಹಾಗೂ ಸಾವಿರದ ಇನ್ನೂರು ರೂಪಾಯಿಗಳ, ತಂತಿಯುಳ್ಳ ಮೂರು ಜೊತೆಗಳನ್ನು ಮುಂದಿಟ್ಟುಕೊಂಡು ಪರೀಕ್ಷೆಗೆ ತೊಡಗಿದೆವು.

ಮೊದಲನೆಯ ಎಚ್ಚರಿಕೆ ದನಿಯ ಮಟ್ಟದ್ದು. ಎರಡರಲ್ಲಿ ತುಸು ಜೋರಾಗಿರುವುದೇ ಕಿವಿಗೆ ಚೆನ್ನೆನಿಸುವುದು ಸಹಜ. ದನಿ ತಗ್ಗಿದಂತೆ ನಮ್ಮ ಕಿವಿಯು ಮಂದ್ರಸ್ವರಗಳನ್ನು ಹೆಚ್ಚಾಗಿ ಕಳೆದುಕೊಳ್ಳುತ್ತದೆಂದು ಫ್ಲೆಚರ್ ಮತ್ತು ಮನ್ಸನ್ ಎಂಬ ಅಮೆರಿಕದ ವಿಜ್ಞಾನಿಗಳು 1933ರಲ್ಲಿಯೇ ತೋರಿಸಿದ್ದಾರೆ. ಆದ್ದರಿಂದ ಮೂರನ್ನೂ ಒಂದೇ ಮಟ್ಟಕ್ಕೆ ತಂದು ಹೋಲಿಸಬೇಕು. ಎರಡನೆಯದು, ರಬ್ಬರಿನ ತುದಿ ಕಿವಿಗೆ ಸರಿಯಾಗಿ ಕೂಡುವುದು. ಅದು ಸಡಿಲವಾದರೆ ತಬಲಾದ ಎಡಗೈಯ ಗುಂಗು ಸೋರಿಹೋಗುತ್ತದೆ. ಎಷ್ಟು ಬೆಲೆ ತೆತ್ತರೂ ಅದು ಮರಳದು. ಮೂರನೆಯದು, ಚಿರಪರಿಚಿತವಾದ ಹಾಡನ್ನೇ ಆರಿಸಿಕೊಳ್ಳುವುದು. ತಂಬೂರಿಯ ನಾಲ್ಕು ತಂತಿಗಳ ಝೇಂಕಾರ ಬಿಡಿಬಿಡಿಯಾಗಿ ಕೇಳುವುದೇ, ಗಾಯಕರ ಉಸಿರು ತಿಳಿಯುವುದೇ, 'ಶರಣ' ಎಂಬುದರ ಶಕಾರ ಸಕಾರವಾಗಿ ಕೇಳಿಸದೆ ಉಳಿಯುವುದೇ ಎಂದು ಗಮನಿಸಬೇಕು.

ಎಲ್ಲಕ್ಕಿಂತ ದುಬಾರಿಯಾದುದರಲ್ಲಿ ಮಂದ್ರದ ಅಬ್ಬರ ಬಲವಾಗಿತ್ತು. ಕಾಲೇಜಿಗೆ ಹೋಗುವ ಮಗ ಅದನ್ನೇ ಮೆಚ್ಚಿದ. ಅಜ್ಜಿಗೆ ಅದರಲ್ಲಿ ತಬಲಾ ಕೇಳಿತೇ ವಿನಾ ವಚನ ಕೇಳಲಿಲ್ಲ. ಮಗನು 'ತೆಳು' ಎಂದು ಬದಿಗಿಟ್ಟ ಮುನ್ನೂರು ರೂಪಾಯಿಯದರಲ್ಲಿಯೇ ಅವರಿಗೆ ಮಾತು ಸ್ಪಷ್ಟವಾಯಿತು. ಇದಕ್ಕೆ ಕಾರಣವುಂಟು. ಶ, ಸ, ತ ಮೊದಲಾದ ವ್ಯಂಜನಗಳ ಗುರುತು ಬಹುಪಾಲು ತಾರಸ್ವರಗಳಲ್ಲಿರುತ್ತದೆ. ವಯಸ್ಸಾದಂತೆ ಕಿವಿಯು ಮೊದಲು ಕಳೆದುಕೊಳ್ಳುವುದೂ ಅವುಗಳನ್ನೇ. ಮಂದ್ರವನ್ನು ಉಬ್ಬಿಸಿದ ಸಾಧನವು ಅಳಿದುಳಿದ ಅಕ್ಷರಗಳನ್ನೂ ಮುಚ್ಚಿಬಿಡುತ್ತದೆ.

ಆದರೂ ತಾಯಿಯವರು, ಎಡಗಡೆಯದು ಮಂದವಾಗಿದೆ ಎಂದರು. ಎಡಬಲಗಳನ್ನು ಅದಲುಬದಲು ಮಾಡಿ ಕಿವಿಗಿಟ್ಟೆವು. ದೋಷವು ಸಾಧನದಲ್ಲಿದ್ದರೆ ಮಂದತನವು ಬಲಕ್ಕೆ ಬರಬೇಕಷ್ಟೆ. ಬರಲಿಲ್ಲ; ಎಡಕ್ಕೇ ಉಳಿಯಿತು. ಉಳಿದೆರಡು ಜೊತೆಗಳಲ್ಲಿಯೂ ಹಾಗೆಯೇ ಆಯಿತು. ಮನೆಯಲ್ಲಿ ಎಲ್ಲರೂ ಒಂದು ಗಳಿಗೆ ಸುಮ್ಮನಾದೆವು. ಮರುದಿನ ಕಿವಿಯ ವೈದ್ಯರಲ್ಲಿಗೆ ಕರೆದೊಯ್ದಾಗ, ಎಡಗಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿರುವುದು ಕಂಡುಬಂದಿತು. ಅದನ್ನು ತೆಗೆದ ಮೇಲೆ ಎಷ್ಟೋ ಸುಧಾರಿಸಿತು. ಉಳಿದ ಕೊರತೆಯು ವಯಸ್ಸಿನದು, ಶ್ರವಣಯಂತ್ರ ಬೇಕಾಗುವುದು ಎಂದು ವೈದ್ಯರು ತಿಳಿಸಿದರು. ಹಿರಿಯರು ಮಾತಿಗೆ ಬರಿದೆ ತಲೆಯಾಡಿಸತೊಡಗಿದರೆ ಅದನ್ನು ವಯೋಸಹಜವೆಂದು ಬಿಡದೆ ಒಮ್ಮೆ ತೋರಿಸುವುದು ಒಳಿತು. ಸಾಧಾರಣ ಇಯರ್‌ಫೋನು ಶ್ರವಣಯಂತ್ರದ ಸ್ಥಾನವನ್ನು ತುಂಬಲಾರದು.

ಕಿರಿಯರಿಗೂ ಒಂದು ಮಾತುಂಟು. ವಿಶ್ವ ಆರೋಗ್ಯ ಸಂಸ್ಥೆಯು 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದೆಂದೂ, 90ಕ್ಕೆ ಏರಿದರೆ ಕೇವಲ 4 ಗಂಟೆಯೆಂದೂ ಮಿತಿಯನ್ನು ಸೂಚಿಸಿದೆ. ದೊಡ್ಡ ಸದ್ದಿನಿಂದ ಒಳಗಿವಿಯಲ್ಲಿ ಸತ್ತುಹೋದ ಸೂಕ್ಷ್ಮ ರೋಮಕೋಶಗಳು ಮನುಷ್ಯರಲ್ಲಿ ಮತ್ತೆ ಚಿಗುರುವುದಿಲ್ಲ. ಬಸ್ಸಿನ ಗದ್ದಲವನ್ನು ಮೀರಿಸಲೆಂದು ದನಿಯನ್ನು ಏರಿಸುವುದಕ್ಕಿಂತ, ಕಿವಿಗೆ ಬಿಗಿಯಾಗಿ ಕೂಡುವ ತುದಿಯನ್ನು ಆರಿಸಿ ಸಣ್ಣ ದನಿಯಲ್ಲಿ ಕೇಳುವುದು ಜಾಣತನ. ತಗ್ಗಿದ ದನಿಯಲ್ಲಿಯೂ ಮಾತು ತಿಳಿಯುವಂತಿದ್ದರೆ ಅದೇ ಒಳ್ಳೆಯ ಸಾಧನದ ಗುರುತು.

ಶರಣಧರ್ಮದಲ್ಲಿ ನುಡಿಗೆ ಇರುವ ಹಿರಿಮೆಯನ್ನು ನಾವೆಲ್ಲರೂ ಬಲ್ಲೆವು. ನುಡಿಯು ಸಾರ್ಥಕವಾಗಲು ಕೇಳುವ ಕಿವಿಯೂ ನೆಟ್ಟಗಿರಬೇಕು. ಅಂಗಡಿಯವನು ಹೇಳುವ ಬೆಲೆಯಾಗಲಿ, ನೆರೆಯವರ ಮೆಚ್ಚುಗೆಯಾಗಲಿ ಇಲ್ಲಿ ಪ್ರಮಾಣವಲ್ಲ. ಯಾರಿಗಾಗಿ ಕೊಳ್ಳುತ್ತೇವೆಯೋ ಅವರ ಕಿವಿಯೇ ಪ್ರಮಾಣ. ಕೊಳ್ಳುವ ಮುನ್ನ ಅವರನ್ನೇ ಅಂಗಡಿಗೆ ಕರೆದೊಯ್ಯುವುದು ಲೇಸು.