ಮೆಣಸಿಗೆ ಬಂದ ಬೆಳ್ಳಿ

ಮೆಣಸು ಎಂದರೆ ನಮ್ಮ ಕಡೆಯವರಿಗೆ ಗೇರುಸೊಪ್ಪೆಯ ಚೆನ್ನಭೈರಾದೇವಿ ನೆನಪಾಗುತ್ತಾಳೆ. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದೇ ಕರೆದರು. ಭಟ್ಕಳ, ಹೊನ್ನಾವರಗಳಿಂದ ಮೆಣಸು ಹಡಗೇರುತ್ತಿದ್ದ ಕಾಲ ಅದು. ನನ್ನ ಮನಸ್ಸು ಮಾತ್ರ ಅವಳಿಗಿಂತ ಸಾವಿರದೈನೂರು ವರ್ಷ ಹಿಂದಕ್ಕೆ, ಮೆಣಸಿಗಾಗಿ ಕಡಲು ದಾಟಿ ಬಂದ ರೋಮಿನ ಬೆಳ್ಳಿ ನಾಣ್ಯದ ಕಡೆಗೆ ಓಡುತ್ತದೆ.

ಆ ಕಾಲದ ಗ್ರೀಕ್ ವರ್ತಕನೊಬ್ಬ ಬರೆದಿಟ್ಟ ‘ಪೆರಿಪ್ಲಸ್’ನಲ್ಲಿ ನೌರಾ ಎಂಬ ಬಂದರು ಬರುತ್ತದೆ. ಅದು ಹೊನ್ನಾವರ ಎಂದು ಕೆಲವು ವಿದ್ವಾಂಸರು, ಅಲ್ಲ, ಕಣ್ಣೂರು ಎಂದು ಇನ್ನು ಕೆಲವರು. ಶರಾವತಿಯ ಅಳಿವೆ ಕಂಡವನಾಗಿ ನಾನು ಮೊದಲಿನವರ ಪಕ್ಷ. ಮಲಬಾರಿನ ಮುಜಿರಿಸ್ಸಿಗೆ ಹೋಗುವ ಸರಕಿನ ಪಟ್ಟಿಯಲ್ಲಿ ಆತ ಮೊದಲು ಹೇಳುವುದೇ ನಾಣ್ಯವನ್ನು.

ಅಂಥ ನಾಣ್ಯ ಘಟ್ಟದ ಮೇಲೂ ಸಿಕ್ಕಿದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ದೊರೆತವು; 1891ರಲ್ಲಿ ಯಶವಂತಪುರದಲ್ಲಿ ರೈಲು ಹಳಿಯ ಕೆಲಸ ನಡೆದಾಗ ಒಟ್ಟಿಗೆ 163 ಹೊರಬಂದವು. ಹೆಸರು ಡೆನೇರಿಯಸ್, ತೂಕ ಸುಮಾರು 3.8 ಗ್ರಾಂ. ಭಾರತದಲ್ಲಿ ಹೆಚ್ಚು ಸಿಗುವ ಒಂದನ್ನು ಹತ್ತಿರದಿಂದ ನೋಡೋಣ. ಮುಂದೆ ಎಲೆಕಿರೀಟದ ಅಗಸ್ಟಸ್. ಹಿಂದೆ ಇಬ್ಬರು ಹುಡುಗರು, ಗುರಾಣಿ, ಈಟಿ. ಮೇಲೆ ಪುರೋಹಿತರ ಬಾಗಿದ ಕೋಲು ಮತ್ತು ಒಂದು ಸಣ್ಣ ಸೌಟು. ಗೋಕರ್ಣದ ಭಟ್ಟರು ಕಂಡರೆ ಹೋಮದ ಸ್ರುವವೇ ಎಂದಾರು. ಹುಡುಗರು ಚಕ್ರವರ್ತಿಯ ಮೊಮ್ಮಕ್ಕಳು, ದತ್ತುಪುತ್ರರು: ಗಾಯಸ್, ಲೂಸಿಯಸ್. ಮುಂದಿನ ದೊರೆಗಳು ಇವರೇ ಎಂದು ಸಾರಲು ಮಾಡಿಸಿದ ಚಿತ್ರ. ಲೂಸಿಯಸ್ ಕ್ರಿ.ಶ. 2ರಲ್ಲಿ, ಗಾಯಸ್ 4ರಲ್ಲಿ ತೀರಿಕೊಂಡರು. ಅಜ್ಜನ ದುಃಖ ನೆನೆದರೆ ಕರುಳು ಚುರುಕ್ ಎನ್ನುತ್ತದೆ. ನಾಣ್ಯ ಮಾತ್ರ ಭಾರತಕ್ಕೆ ಬರುತ್ತಲೇ ಇತ್ತು.

ಮುಂದೆ ಬಂದ ಟೈಬೀರಿಯಸ್ ತನ್ನ ಬೆಳ್ಳಿಯ ಮೇಲೆ ರೆಂಬೆ ಹಿಡಿದು ಕೂತ ಹೆಂಗಸಿನ ಚಿತ್ರವನ್ನೇ ಬಹುಪಾಲು ಉಳಿಸಿಕೊಂಡ. ಅವಳು ಅವನ ತಾಯಿ ಲಿವಿಯಾ ಎನ್ನುತ್ತಾರೆ. ಲ್ಯಾಟಿನ್ ಬಾರದ ವ್ಯಾಪಾರಿಗೂ ಚಿತ್ರ ಕಂಡರೆ ಸಾಕು, ಬೆಳ್ಳಿಯ ಗುಣ ಗೊತ್ತು. ನೀರೋ 64ರಲ್ಲಿ ತೂಕವನ್ನೂ ಬೆಳ್ಳಿಯನ್ನೂ ಇಳಿಸಿದ. ಹಳೆಯದಕ್ಕೆ ಬೆಲೆ ಬಾರದೆ ಇದ್ದೀತೆ!

ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ನಮ್ಮವರೂ ಸುಮ್ಮನಿರಲಿಲ್ಲ. ಕಾರವಾರದ ಕಡೆ ಚುಟು ಅರಸರ ಸೀಸದ ನಾಣ್ಯಗಳು ಸಿಕ್ಕಿವೆ: ಒಂದು ಬದಿ ಗುಡ್ಡ, ಇನ್ನೊಂದು ಬದಿ ಬೇಲಿಯೊಳಗಿನ ಮರ. ಹಡಗಿನಲ್ಲಿ ಬರುತ್ತಿದ್ದ ಸರಕುಗಳಲ್ಲಿ ಸೀಸವೂ ಇತ್ತೆಂದು ಅದೇ ಪೆರಿಪ್ಲಸ್ ಹೇಳುತ್ತದೆ. ಇಬ್ಬರು ಹುಡುಗರ ಬೆಳ್ಳಿಯನ್ನೂ ಗುಡ್ಡ-ಮರದ ಸೀಸವನ್ನೂ ದೊಡ್ಡದಾಗಿ ಬರೆಸಿ ಕುಮಟಾ, ಹೊನ್ನಾವರ, ಭಟ್ಕಳದ ಶಾಲೆಗಳ ಗೋಡೆಗೆ ಅಕ್ಕಪಕ್ಕ ಹಾಕಬೇಕೆಂದು ನನ್ನ ಆಸೆ.