ಯಾವ ರೈಲು ಹೊರಟಿತು?

2024ರ ಡಿಸೆಂಬರ್‌ನಲ್ಲಿ ನಾನು, ನಮ್ಮ ಮನೆಯವರು, ಏಳನೇ ತರಗತಿ ಓದುವ ಮೊಮ್ಮಗ, ಮೂವರೂ ಮೈಸೂರಿನಿಂದ ಶಿವಮೊಗ್ಗದ ಮಗಳ ಮನೆಗೆ ರೈಲಿನಲ್ಲಿ ಹೊರಟಿದ್ದೆವು. ಅರಸೀಕೆರೆಯಲ್ಲಿ ಮೊಮ್ಮಗ ಬಾಟಲಿಗೆ ನೀರು ತುಂಬಿಸಿಕೊಂಡು ಬರ್ತೀನಿ ಅಂತ ಇಳಿದ. ನಾನು ಈಚೆ ಕಿಟಕಿಯಲ್ಲಿ ನೋಡುತ್ತಾ ಕೂತಿದ್ದೆ. ಪಕ್ಕದ ಹಳಿಯ ಮೇಲೆ ನಿಂತಿದ್ದ ರೈಲು ಮೆಲ್ಲಗೆ ಹಿಂದಕ್ಕೆ ಸರಿಯಿತು. ಒಂದು ಕಿಟಕಿ, ಇನ್ನೊಂದು ಕಿಟಕಿ. ನನ್ನ ಎದೆ ಧಸಕ್ಕೆಂದಿತು. "ಅಯ್ಯೋ, ರೈಲು ಹೊರಟೇಬಿಡ್ತು! ಮಗು ಕೆಳಗಿದೆ, ಚೈನ್ ಎಳೀರೀ!" ಎಂದು ಕೂಗಿಕೊಂಡೆ.

ಎದುರಿಗೆ ಕೂತಿದ್ದವರು ಆಚೆ ಬದಿಯ ಬಾಗಿಲು ತೋರಿಸಿ, "ಅಮ್ಮಾ, ಪ್ಲಾಟ್‌ಫಾರಂ ನೋಡಿ" ಎಂದರು. ಕಾಫಿಯವನು ಇದ್ದಲ್ಲೇ ಇದ್ದ. ನಲ್ಲಿಯ ಮುಂದೆ ನಮ್ಮ ಹುಡುಗನೂ ಇದ್ದ. ಹೊರಟದ್ದು ಪಕ್ಕದ ರೈಲು.

ಮೊಮ್ಮಗ ಬಂದು ವಿಷಯ ಕೇಳಿ ಬಿದ್ದು ಬಿದ್ದು ನಕ್ಕ. "ಅಜ್ಜಿ, ನೀನು ದಿನಾ ಬೆಳಿಗ್ಗೆ ಹೀಗೇ ಮೋಸ ಹೋಗ್ತೀಯ. ಸೂರ್ಯ ಹುಟ್ಟಿದ, ಸೂರ್ಯ ಮುಳುಗಿದ ಅಂತೀಯ. ಸೂರ್ಯ ಎಲ್ಲೂ ಹೋಗಲ್ಲ, ತಿರುಗೋದು ನಾವು." ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಹಾಗಾದ್ರೆ ತಾತನ ಪಂಚಾಂಗ ಎಲ್ಲಾ ಸುಳ್ಳು!" ಎಂದೂ ಸೇರಿಸಿದ.

ನಮ್ಮ ಮನೆಯವರು ನಲವತ್ತು ವರ್ಷದಿಂದ ಕಾಫಿ ಲೋಟದ ಜೊತೆ ಪಂಚಾಂಗ ತೆರೆದವರು. ಏನೂ ಅನ್ನಲಿಲ್ಲ. ಕೈಯಲ್ಲಿದ್ದ ಪಂಚಾಂಗವನ್ನು ಮಡಚಿ ಚೀಲಕ್ಕೆ ಹಾಕಿದರು. ಬೀರೂರು ದಾಟಿದರೂ ಮಾತಿಲ್ಲ. ಹುಡುಗನಿಗೂ ತಿಳಿಯಿತು, ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತ.

ಆ ರಾತ್ರಿ ಊಟವಾದ ಮೇಲೆ ತಾತನೇ, "ಬಾರೋ ತಾರಸಿಗೆ" ಎಂದು ಕರೆದರು. ಶಾಲು ಹೊದ್ದು ನಾನೂ ಹಿಂದೆ ಹೋದೆ. ಪೂರ್ವದಲ್ಲಿ ಕೆಂಪಗೆ ಮಂಗಳ. ಅದರ ಮೇಲುಗಡೆ ಪುನರ್ವಸುವಿನ ಎರಡು ನಕ್ಷತ್ರಗಳು. "ಡಿಸೆಂಬರ್ 7ರಿಂದ ಮಂಗಳ ವಕ್ರಗತಿಯಲ್ಲಿದೆ. ವಾರಕ್ಕೊಂದು ಸಲ ಈ ಮೂರೂ ಎಲ್ಲಿವೆ ಅಂತ ಚುಕ್ಕಿ ಇಟ್ಟು ಬರೆದುಕೋ. ಆಮೇಲೆ ಸುಳ್ಳೋ ನಿಜವೋ ಹೇಳು" ಎಂದರು. (ವಕ್ರ ಎಂದರೆ ಕೇಡು ಎಂದು ಹೆದರಿಸುವವರ ಮಾತು ಬೇರೆ, ನಾನು ಅದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ.)

ಮೈಸೂರಿಗೆ ಮರಳಿದ ಮೇಲೂ ಹುಡುಗ ಬಿಡಲಿಲ್ಲ. ಗ್ರಹಗಳು ಸಾಮಾನ್ಯವಾಗಿ ನಕ್ಷತ್ರಗಳ ನಡುವೆ ದಿನದಿನಕ್ಕೆ ಪೂರ್ವಕ್ಕೆ ಸರಿಯುತ್ತವೆ. ಇವನ ಪುಸ್ತಕದಲ್ಲಿ ಮಂಗಳ ಪಶ್ಚಿಮಕ್ಕೆ ನಡೆಯುತ್ತಿತ್ತು. ಜನವರಿಯ ಮೂರನೇ ವಾರ ಆ ಅವಳಿ ನಕ್ಷತ್ರಗಳ ಜೊತೆ ಹೆಚ್ಚುಕಡಿಮೆ ಒಂದೇ ಸಾಲಿಗೆ ಬಂತು. "ಗ್ರಹ ಹಿಂದಕ್ಕೆ ಯಾಕೆ ಹೋಗುತ್ತೆ?" ಎಂದು ತಲೆ ಕೆರೆದುಕೊಂಡ.

ತಾತ ರಂಗೋಲಿ ಪುಡಿ ಕೇಳಿ ಇಸಿದುಕೊಂಡು ತಾರಸಿಯ ಮೇಲೆ ಎರಡು ವೃತ್ತ ಎಳೆದರು. ನಡುವೆ ಸೂರ್ಯನೆಂದು ಒಂದು ಚೊಂಬು. ಒಳಗಿನ ದಾರಿಯಲ್ಲಿ ಭೂಮಿ, ಸೆಕೆಂಡಿಗೆ ಸುಮಾರು 30 ಕಿಲೋಮೀಟರ್. ಹೊರಗಿನ ದಾರಿಯಲ್ಲಿ ಮಂಗಳ, ಸುಮಾರು 24. "ನಮ್ಮ ಬಸ್ಸು ಲಾರಿಯನ್ನು ಹಿಂದೆ ಹಾಕುವಾಗ ಲಾರಿ ಆಚೆಯ ಗುಡ್ಡದ ಮುಂದೆ ಹೇಗೆ ಕಾಣುತ್ತೆ?" ಹುಡುಗ ವೃತ್ತದ ಮೇಲೆ ತಾನೇ ನಡೆದು ನೋಡಿದ. "ಹಿಂದಕ್ಕೆ ಹೋದ ಹಾಗೆ! ತಾತ, ಇದೂ ಅರಸೀಕೆರೆ ರೈಲೇ!"

"ಹೂಂ. ಯಾಕೆ ಅಂತ ತಿಳೀಬೇಕಾದ್ರೆ ಚೊಂಬಿನ ಹತ್ತಿರ ನಿಂತು ನೋಡಬೇಕು. ಇವತ್ತು ಎಷ್ಟು ಹೊತ್ತಿಗೆ, ಯಾವ ದಿಕ್ಕಲ್ಲಿ ಕಾಣುತ್ತೆ ಅಂತ ಹೇಳಬೇಕಾದ್ರೆ ಈ ತಾರಸಿ ಮೇಲೇ ನಿಲ್ಲಬೇಕು. ಪಂಚಾಂಗದ್ದು ತಾರಸಿ ಲೆಕ್ಕ ಕಣೋ. ಭೂಮಿ ತಿರುಗುತ್ತೆ ಅಂತ ಆರ್ಯಭಟನಿಗೂ ಗೊತ್ತಿತ್ತು." 499ರಲ್ಲಿ ಬರೆದ ಪುಸ್ತಕದಲ್ಲಿ ಆರ್ಯಭಟ ದೋಣಿಯ ಹೋಲಿಕೆ ಕೊಟ್ಟಿದ್ದಾನೆ. ಮುಂದೆ ಸಾಗುವ ದೋಣಿಯಲ್ಲಿ ಕೂತವನಿಗೆ ದಡದ ವಸ್ತುಗಳು ಹಿಂದಕ್ಕೆ ಹೋದಂತೆ, ತಿರುಗುವ ಭೂಮಿಯ ಮೇಲಿರುವ ನಮಗೆ ನಿಂತ ನಕ್ಷತ್ರಗಳು ಪಶ್ಚಿಮಕ್ಕೆ ಹೋದಂತೆ ಕಾಣುತ್ತವೆ ಎಂದು. ಹಾಗೆಂದು ಅವನು ಉದಯಾಸ್ತದ ಲೆಕ್ಕ ಬಿಡಲಿಲ್ಲ.

ತಾತನಿಗೆ ಇನ್ನೂ ಒಂದು ಬಾಕಿಯಿತ್ತು. "ಸೂರ್ಯ ಎಲ್ಲೂ ಹೋಗಲ್ಲ ಅಂದ್ಯಲ್ಲ? ಅವನೂ ನಮ್ಮನ್ನೆಲ್ಲ ಕಟ್ಟಿಕೊಂಡು ಆಕಾಶಗಂಗೆಯ ನಡುವನ್ನು ಸುತ್ತುತ್ತಿದ್ದಾನೆ. ಸೆಕೆಂಡಿಗೆ ಇನ್ನೂರು ಕಿಲೋಮೀಟರಿಗೂ ಹೆಚ್ಚು!" ಹುಡುಗ ಬಾಯಿ ಬಿಟ್ಟ. ನನಗೂ ತಲೆ ತಿರುಗಿದಂತಾಯಿತು. ಅರಸೀಕೆರೆಯಲ್ಲಾದರೆ ತಿರುಗಿ ನೋಡಲು ಒಂದು ಪ್ಲಾಟ್‌ಫಾರಂ ಇತ್ತು. ಆಕಾಶದಲ್ಲಿ ಅದೂ ಇಲ್ಲ, ನಾವು ಯಾವುದನ್ನು ಪ್ಲಾಟ್‌ಫಾರಂ ಎಂದು ಇಟ್ಟುಕೊಳ್ಳುತ್ತೇವೋ ಅದೇ.

ಫೆಬ್ರವರಿ 24ರ ಹೊತ್ತಿಗೆ ಮಂಗಳ ನಿಂತು, ಮತ್ತೆ ಪೂರ್ವಕ್ಕೆ ಮುಖ ಮಾಡಿತು. ಪಂಚಾಂಗದಲ್ಲೂ ಅದೇ ಇತ್ತು. ಹುಡುಗ ತನ್ನ ಪುಸ್ತಕವನ್ನು ತಾತನ ಕೈಗೆ ಕೊಟ್ಟ. 'ಸುಳ್ಳು' ಎಂದದ್ದರ ಬಗ್ಗೆ ಇಬ್ಬರೂ ಮಾತೆತ್ತಲಿಲ್ಲ. "ಮುಂದಿನ ವಕ್ರ ಯಾವಾಗ, ತಾತ?" ಎಂದಷ್ಟೇ ಕೇಳಿದ. 2027ರ ಜನವರಿಯಂತೆ. ಆಗ ಇವನು ಒಂಬತ್ತನೇ ತರಗತಿ. ತಾರಸಿ ಮೆಟ್ಟಿಲು ಹತ್ತಲು ನನ್ನ ಮಂಡಿ ಒಪ್ಪಬೇಕು, ಅಷ್ಟೇ.